ಕರೆದವರು ನಾವು, ಬಡಿಸಿಕೊಳ್ಳುವವರು ಅತಿಥಿಗಳೇ?



ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ನಿಮ್ಮೆಲ್ಲರ ಮನೆಯ ಷಷ್ಟ್ಯಬ್ದಿ, ನಾಮಕರಣ, ಮದುವೆಯ ಇಪ್ಪತ್ತೈದನೇ ವರ್ಷದ ಊಟಗಳಿಗೆ ಬಂದು ಹೊಟ್ಟೆ ತುಂಬ ಉಂಡವರು ನಾವು. ಆದ್ದರಿಂದ ಮೊದಲು ನಮ್ಮ ಮನೆಯ ಜಂತೆಯನ್ನೇ ಎಣಿಸುತ್ತೇವೆ. ಆಮೇಲೆ ನಿಮ್ಮದಕ್ಕೆ ಬರುತ್ತೇವೆ, ಕ್ಷಮಿಸಬೇಕು.

ಕಳೆದ ವರ್ಷ ನಮ್ಮ ಮನೆಯ ಹಿರಿಯಾಕೆಗೆ ಎಂಬತ್ತು ತುಂಬಿತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ತಾಯಿ, ಇನ್ನೊಬ್ಬರಿಗೆ ಅತ್ತೆ. ಇಲ್ಲಿ ಅಮ್ಮ ಎಂದೇ ಬರೆಯುತ್ತೇವೆ. ಮೈಸೂರಿನಿಂದ, ಮೆಲ್ಬರ್ನ್‌ನಿಂದ ನೆಂಟರು ಬಂದಿದ್ದರು. ಒಟ್ಟು ಅರವತ್ತು ಜನ. ಸಿಂಗಪುರದಂಥ ಊರಿನಲ್ಲಿ ಅರವತ್ತು ಜನರಿಗೆ ಎಲ್ಲಿ ಊಟ ಹಾಕಿಸುವುದು ಎಂದು ಒಂದು ತಿಂಗಳು ಚರ್ಚೆ ಮಾಡಿದೆವು. ಕೊನೆಗೆ ಆರ್ಚರ್ಡ್ ರಸ್ತೆಯ ಕಡೆಯ ದೊಡ್ಡ ಹೋಟೆಲೊಂದರ ಮಧ್ಯಾಹ್ನದ ಬಫೆ ಗೊತ್ತುಮಾಡಿದೆವು. ಏಕೆ? ಫೋಟೋ ಚೆನ್ನಾಗಿ ಬರುತ್ತದೆ ಎಂದು. ಆಫೀಸಿನ ನಾಲ್ಕು ಜನ ಬರುತ್ತಾರೆ ಎಂದು. ಹೋದ ಸಲ ಇನ್ನೊಬ್ಬರು ಅಂಥದೇ ಜಾಗದಲ್ಲಿ ಮಾಡಿದ್ದರು, ನಾವು ಕಡಿಮೆಯೇ ಎಂದು. ಬೇರೆ ಕಾರಣ ಹುಡುಕಿದರೂ ಸಿಗುತ್ತಿಲ್ಲ.

ಆ ದಿನ ಅಮ್ಮನಿಗೆ ಶಾಲು ಹೊದೆಸಿ, ಹಾರ ಹಾಕಿ, ನಡುವಿನ ಮೇಜಿನಲ್ಲಿ ಕೂರಿಸಿದೆವು. ಒಬ್ಬೊಬ್ಬರಾಗಿ ಬಂದು ನಮಸ್ಕಾರ ಮಾಡಿದರು, ಪಟ ತೆಗೆಸಿಕೊಂಡರು. ನಾವಿಬ್ಬರೂ ಬಾಗಿಲಿಗೂ ಕೇಕಿನ ಮೇಜಿಗೂ ಓಡಾಡುತ್ತಿದ್ದೆವು. ಅಮ್ಮನ ಮಂಡಿ ನೋವು ನಿಮಗೆಲ್ಲ ಗೊತ್ತೇ ಇದೆ. ಎದ್ದು ಸಾಲಿನಲ್ಲಿ ನಿಲ್ಲಲಾರರು. ಪಾಪ, ಕಂಡವರೆಲ್ಲ ಪ್ರೀತಿಯಿಂದ ಒಂದೊಂದು ತಟ್ಟೆ ತಂದಿಟ್ಟರು. ಒಂದರಲ್ಲಿ ನೂಡಲ್ಸ್, ಒಂದರಲ್ಲಿ ಚೀಸ್ ಹಾಕಿದ ಏನೋ, ಮತ್ತೊಂದರಲ್ಲಿ ತಣ್ಣಗಾದ ಪಲಾವು. ಯಾವುದರಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳುವವರಿಲ್ಲ. ಎರಡು ಕಾಲಿಗೆ ಹೋಟೆಲಿನವರು ದೀಪ ಆರಿಸಿ, ಪಾತ್ರೆ ಮುಚ್ಚತೊಡಗಿದರು. ಎರಡೂವರೆಗೆ ಜಾಗ ಖಾಲಿ ಮಾಡಬೇಕೆಂದು ಬುಕಿಂಗ್ ಕಾಗದದಲ್ಲೇ ಇತ್ತು, ಅವರ ತಪ್ಪಲ್ಲ.

ಟ್ಯಾಕ್ಸಿಯಲ್ಲಿ ಬರುವಾಗ ಅಮ್ಮ ಮೆಲ್ಲನೆ ಕೇಳಿದರು: "ಮನೇಲಿ ಒಂದು ಹಿಡಿ ಅನ್ನ ಇದೆಯೇನೋ? ಮಜ್ಜಿಗೆ ಕಲಸಿಕೊಡಿ, ಸಾಕು."

ತಮ್ಮ ಎಂಬತ್ತರ ಹಬ್ಬದ ದಿನ, ಅರವತ್ತು ಜನ ಉಂಡ ಊಟದಲ್ಲಿ, ಉಪವಾಸ ಮನೆಗೆ ಬಂದವರು ಅವರೊಬ್ಬರೇ. ನಾಲ್ಕು ಗಂಟೆಗೆ ಕುಕ್ಕರ್ ಇಟ್ಟೆವು.

ಅಂದಿನಿಂದ ನಮ್ಮದೊಂದೇ ಹಟ: ಮನೆಯ ಸಮಾರಂಭಕ್ಕೆ ಬಫೆ ಬೇಡ. ಕೂತಲ್ಲಿಗೆ ಬಂದು ಬಡಿಸುವ ಜಾಗವನ್ನೇ ಆರಿಸಬೇಕು. ಆಫೀಸಿನ ಪಾರ್ಟಿಗೆ, ಸ್ನೇಹಿತರ ಕೂಟಕ್ಕೆ ಬಫೆ ಇರಲಿ. ಅಲ್ಲಿ ಎಲ್ಲರಿಗೂ ಕಾಲು ಗಟ್ಟಿಯಿರುತ್ತದೆ, ಯಾರೂ ಯಾರ ಅತಿಥಿಯೂ ಅಲ್ಲ. ಆದರೆ ಮನೆಯ ಸಮಾರಂಭದಲ್ಲಿ ಕರೆದವರಿಗೆ ಒಂದು ಕೆಲಸವಿದೆ, ಅದರ ಹೆಸರು ವಿಚಾರಿಸಿಕೊಳ್ಳುವುದು. ಊರಿನ ಪಂಕ್ತಿಯಲ್ಲಿ ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದು, ಪಲ್ಯ, ತೊವ್ವೆ, ಅನ್ನ, ತುಪ್ಪ ಬರುವವರೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಯಜಮಾನರು ಸಾಲಿನುದ್ದಕ್ಕೂ ಬಂದು "ಸಾವಕಾಶವಾಗಿ ಆಗಲಿ" ಎನ್ನುತ್ತಿದ್ದರು. ಯಾರ ಎಲೆಯಲ್ಲಿ ಏನು ಮುಗಿದಿದೆ, ಯಾರಿಗೆ ಹಲ್ಲಿಲ್ಲ, ಯಾವ ಮಗುವಿಗೆ ಖಾರ ಆಗದು, ಎಲ್ಲ ಬಡಿಸುವವರ ಕಣ್ಣಿಗೆ ಬೀಳುತ್ತಿತ್ತು. ಆ ಪಂಕ್ತಿಗಳಲ್ಲಿ ಯಾರು ಯಾರ ಪಕ್ಕ ಕೂರಬಾರದು ಎಂಬ ಕೆಟ್ಟ ಲೆಕ್ಕವೂ ಇತ್ತು, ಅದು ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಬಡಿಸುವ ಕೈಯನ್ನೂ ಕಳುಹಿಸಿಬಿಟ್ಟೆವಲ್ಲ, ಅದು ನಮ್ಮ ದೂರು.

ಇನ್ನು ದುಡ್ಡಿನ ಮಾತು. ಈ ಊರಿನಲ್ಲಿ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಜಿಎಸ್‌ಟಿ ಸೇರಿರಬೇಕು. ಸರ್ವಿಸ್ ಚಾರ್ಜ್ ಹಾಕುವ ಹೋಟೆಲು, ರೆಸ್ಟೋರೆಂಟುಗಳಿಗೆ ಮಾತ್ರ ಇದರಿಂದ ವಿನಾಯಿತಿ. ಅದಕ್ಕೇ ದರದ ಪಕ್ಕದಲ್ಲಿ ಆ ಎರಡು ಪುಟ್ಟ ಕೂಡುವ ಚಿಹ್ನೆ. ತಲೆಗೆ 40 ಡಾಲರ್ ಎಂದರೆ ಅರವತ್ತು ಜನರಿಗೆ 2,400 ಎಂದುಕೊಳ್ಳುತ್ತೀರಿ. ಶೇಕಡಾ 10ರ ಸರ್ವಿಸ್ ಚಾರ್ಜ್ ಸೇರಿ 2,640 ಆಗುತ್ತದೆ. ಅದರ ಮೇಲೆ, ಅಂದರೆ ಸರ್ವಿಸ್ ಚಾರ್ಜಿನ ಮೇಲೂ, ಶೇಕಡಾ 9ರ ಜಿಎಸ್‌ಟಿ. ಕೈಗೆ ಬರುವ ಬಿಲ್ಲು 2,877 ಡಾಲರ್ 60 ಸೆಂಟ್ಸ್. 1994ರಲ್ಲಿ ಶೇಕಡಾ 3ರಿಂದ ಶುರುವಾದ ಜಿಎಸ್‌ಟಿ 2024ರ ಜನವರಿಯಿಂದ 9 ಆಗಿದೆ. ಅದು ಸರ್ಕಾರದ್ದು, ಜಗಳವಿಲ್ಲ. ಆದರೆ 240 ಡಾಲರ್ ಸರ್ವಿಸ್ ಚಾರ್ಜ್ ಯಾವ ಸರ್ವಿಸ್‌ಗೆ? ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಸೌಟು ಎತ್ತಿದವರು ನಮ್ಮ ಚಿಕ್ಕಪ್ಪ! ನ್ಯಾಯವಾಗಿ ಅವರಿಗೇ ಸಲ್ಲಬೇಕಾಗಿತ್ತು.

ಪಕ್ಕದ ಮನೆಯ ಚೀನೀಯರನ್ನು ನೋಡಿ. ಅವರ ಮದುವೆ ಊಟಕ್ಕೆ ನಮ್ಮಲ್ಲಿ ಅನೇಕರು ಹೋಗಿದ್ದೀರಿ. ಹತ್ತು ಜನರ ದುಂಡು ಮೇಜು, ನಡುವೆ ತಿರುಗುವ ಹಲಗೆ. ಒಂದಾದ ಮೇಲೊಂದು ಭಕ್ಷ್ಯ ಮೇಜಿಗೇ ಬರುತ್ತದೆ, ಮೊದಲ ತುತ್ತನ್ನು ಹಿರಿಯರ ಬಟ್ಟಲಿಗೆ ಹಾಕಿದ ಮೇಲೆ ಉಳಿದವರದು. ಸಸ್ಯಾಹಾರಿಗಳೆಂದು ಮೊದಲೇ ಹೇಳಿದರೆ ನಮಗೂ ಬೇರೆ ತಂದಿಡುತ್ತಾರೆ. ಅಜ್ಜಿಯನ್ನು ತಟ್ಟೆ ಹಿಡಿದು ನಿಲ್ಲಿಸಿದ್ದನ್ನು ಅಲ್ಲಿ ನಾವು ಕಂಡಿಲ್ಲ. ಪಂಕ್ತಿಯ ಊಟ ಕಂಡುಂಡ ನಾವು ಇದನ್ನು ಅವರಿಂದ ಕಲಿಯಬೇಕಾಗಿ ಬಂತು.

ನಮ್ಮ ಹಟಕ್ಕೆ ಬಂದಿರುವ ಆಕ್ಷೇಪಣೆಗಳು ಹಲವು. ಸೆರಂಗೂನ್ ರಸ್ತೆಯ ಸಸ್ಯಾಹಾರಿ ಹೋಟೆಲುಗಳಲ್ಲಿ ಗದ್ದಲ, ಅಂದವಿಲ್ಲ, ಆಫೀಸಿನವರನ್ನು ಕರೆದರೆ ಏನೆಂದುಕೊಳ್ಳುತ್ತಾರೆ ಎನ್ನುತ್ತಾರೆ. ಏನೂ ಅಂದುಕೊಳ್ಳುವುದಿಲ್ಲ ಸ್ವಾಮಿ. ಬಾಳೆಲೆ ಊಟಕ್ಕೆ ಈ ಊರಿನವರೇ ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರೆ. ಕೋಮಲ ವಿಲಾಸ ಆ ರಸ್ತೆಯಲ್ಲಿ 1947ರಲ್ಲೇ ಆರಂಭವಾಯಿತು. ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಎಂಟಿಆರ್ ಕೂಡ ಅಲ್ಲೇ ಶಾಖೆ ತೆರೆಯಿತು. ನಾಚಿಕೆ ಇರುವುದು ನಮ್ಮ ತಲೆಯಲ್ಲಿ, ಆಫೀಸಿನವರ ತಲೆಯಲ್ಲಲ್ಲ.

ಮೆಟ್ಟಿಲಿನ ಆಕ್ಷೇಪಣೆಯನ್ನು ಮಾತ್ರ ಒಪ್ಪುತ್ತೇವೆ. ಅಲ್ಲಿನ ಹಳೆಯ ಅಂಗಡಿಮನೆಗಳಲ್ಲಿ ಐವತ್ತು ಅರವತ್ತು ಜನ ಒಟ್ಟಿಗೆ ಕೂರುವ ಜಾಗ ಸಾಮಾನ್ಯವಾಗಿ ಮಹಡಿಯ ಮೇಲಿರುತ್ತದೆ. ಮೆಟ್ಟಿಲು ಕಡಿದು, ಲಿಫ್ಟ್ ಇರುವುದು ಅಪರೂಪ. ಟಾಯ್ಲೆಟ್ ಕೆಳಗಿದ್ದು ಕೂರುವುದು ಮೇಲಾದರೆ ಅಂಥ ಕಡೆ ಕರೆದೊಯ್ಯುವುದೂ ತಪ್ಪೇ. ಆದ್ದರಿಂದ ಫೋನಿನಲ್ಲಿ ಗೊತ್ತುಮಾಡಬೇಡಿ. ಕರೆಯುವವರಲ್ಲಿ ಅತಿ ಹಿರಿಯರು ಯಾರೋ ಅವರನ್ನೇ ಜೊತೆಗೆ ಕರೆದುಕೊಂಡು, ಅದೇ ವಾರ, ಅದೇ ಹೊತ್ತಿಗೆ ಒಮ್ಮೆ ಹೋಗಿ ಉಂಡು ಬನ್ನಿ. ಭಾನುವಾರ ಬೇಡ, ಅಂದು ಲಿಟಲ್ ಇಂಡಿಯಾ, ವಾರವೆಲ್ಲ ಕಟ್ಟಡ ಕಟ್ಟಿದ ನಮ್ಮ ಕಡೆಯ ಹುಡುಗರದು, ಅವರ ಬಿಡುವಿನ ದಿನ. ಶನಿವಾರ ಹನ್ನೊಂದೂವರೆಗೆ ಕೂತರೆ ಅಡುಗೆಯೂ ಬಿಸಿ, ಜಾಗವೂ ಸಲೀಸು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದರೆ ಸಾರಿಗೆ ಬೆಳ್ಳುಳ್ಳಿ ಹಾಕುತ್ತೀರಾ ಎಂದು ಮ್ಯಾನೇಜರನ್ನಲ್ಲ, ಅಡುಗೆಯವರನ್ನು ಕೇಳಿ. ಮ್ಯಾನೇಜರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಎಷ್ಟು ಜನ ಬಡಿಸುತ್ತಾರೆ, ಎಷ್ಟು ಹೊತ್ತಿಗೆ ಏಳಿಸುತ್ತಾರೆ ಎಂಬುದನ್ನೂ ಕೇಳಿ.

ಕಮ್ಯುನಿಟಿ ಹಾಲ್ ಹಿಡಿದು ಕೇಟರಿಂಗ್ ಮಾಡಿಸಬಹುದಲ್ಲ ಎಂದವರಿಗೆ: ಮಾಡಿಸಿ, ಆದರೆ ಬಡಿಸಲು ಮನೆಯ ಹುಡುಗರನ್ನು ನಿಲ್ಲಿಸಿ. ಇಲ್ಲದಿದ್ದರೆ ಅಲ್ಲಿಯೂ ಅದೇ ಸಾಲು, ಅದೇ ಸೌಟು.

ಮುಂದಿನ ತಿಂಗಳು ನಮ್ಮ ಭಾವನವರ ಷಷ್ಟ್ಯಬ್ದಿ. ನಲವತ್ತೆಂಟು ಜನ. ಹೋದ ಶನಿವಾರ ಅಮ್ಮನನ್ನು ಕರೆದುಕೊಂಡು ಮೂರು ಕಡೆ ಸುತ್ತಿದೆವು. ಮೊದಲನೆಯದರಲ್ಲಿ ಮೆಟ್ಟಿಲು ನೋಡಿಯೇ ತಿರುಗಿದರು. ಎರಡನೆಯದರಲ್ಲಿ ಹುಳಿಯ ವಾಸನೆ ನೋಡಿ ತಿರುಗಿದರು. ಮೂರನೆಯದು ನೆಲಮಟ್ಟದಲ್ಲಿದೆ, ಗೋಡೆಯ ಬಣ್ಣ ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ. ಬಡಿಸುವ ಹುಡುಗ ಕೇಳದೆಯೇ ಎರಡನೇ ಸಲ ಮಜ್ಜಿಗೆ ತಂದ. ಪಾಯಸಕ್ಕೆ ಬೆಲ್ಲ ಸಾಲದು ಎಂದು ಅಮ್ಮ ಅಡುಗೆಯವರಿಗೆ ಹೇಳಿ ಬಂದರು. ನಾವು ಮುಂಗಡ ಕೊಟ್ಟು ಬಂದೆವು.