ಕೆನಡಾದ ಮತವೂ ಯೆಹೂದ್ಯರ ಕಳವಳವೂ

2023ರ ಡಿಸೆಂಬರ್ 12ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಗಾಜಾದಲ್ಲಿ ತತ್‌ಕ್ಷಣವೇ ಕದನವಿರಾಮವಾಗಬೇಕೆಂಬ ನಿರ್ಣಯವನ್ನು 153 ಮತಗಳಿಂದ ಅಂಗೀಕರಿಸಿದಾಗ, ಇಂಥ ಸಂದರ್ಭಗಳಲ್ಲಿ ಬಹುಕಾಲದಿಂದ ಇಸ್ರೇಲಿನ ಪಕ್ಷ ವಹಿಸುತ್ತಲೋ ತಟಸ್ಥವಾಗಿರುತ್ತಲೋ ಬಂದಿದ್ದ ಕೆನಡಾ ದೇಶವು, ಪರವಾಗಿ ಮತವಿತ್ತ ರಾಷ್ಟ್ರಗಳ ಪಂಕ್ತಿಯಲ್ಲಿ ಕಾಣಿಸಿಕೊಂಡಿತು. ಅಕ್ಟೋಬರಿನ ಇಂಥದೇ ಮತದಾನದಲ್ಲಿ ತಟಸ್ಥವಾಗಿದ್ದ ಭಾರತವೂ ಅಂದು ಅದೇ ಪಂಕ್ತಿಯಲ್ಲಿದ್ದಿತು. ಅದಕ್ಕಾಗಿ ನಮ್ಮಲ್ಲಿ ಯಾರ ನಿದ್ರೆಯೂ ಕೆಡಲಿಲ್ಲ. ಕೆನಡಾದಲ್ಲಾದರೋ, 2021ರ ಜನಗಣತಿಯ ಪ್ರಕಾರ ಸುಮಾರು 3,35,000ದಷ್ಟಿರುವ ಯೆಹೂದ್ಯರ ಪ್ರಮುಖ ಸಂಘಟನೆಗಳು ಸರ್ಕಾರವು ತಮ್ಮ ಕೈಬಿಟ್ಟಿತೆಂದು ನೊಂದು ನುಡಿದವು.

ಈ ಅಸಮಾಧಾನವನ್ನು ಯುದ್ಧದಾಹವೆಂದು ಬಗೆಯುವುದು ಸುಲಭ, ಆದರೆ ನ್ಯಾಯವಲ್ಲ. ಆ ಮತಕ್ಕೆ ಆರು ವಾರಗಳ ಮೊದಲು, ಅಕ್ಟೋಬರ್ 27ರಂದು, ಜೋರ್ಡಾನ್ ಮಂಡಿಸಿದ ನಿರ್ಣಯದಲ್ಲಿ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ನಡೆಸಿದ ಹತ್ಯಾಕಾಂಡದ ಖಂಡನೆಯಿಲ್ಲವೆಂದು ಆಕ್ಷೇಪಿಸಿ, ಅದನ್ನು ಸೇರಿಸುವ ತಿದ್ದುಪಡಿಯನ್ನು ತಂದ ರಾಷ್ಟ್ರವೇ ಕೆನಡಾ. ಹೆಸರಿಸುವುದಾದರೆ ಇಸ್ರೇಲನ್ನೂ ಹೆಸರಿಸಬೇಕೆಂದು ಪಾಕಿಸ್ತಾನದ ಪ್ರತಿನಿಧಿ ವಾದಿಸಿದರು; ಆ ವಾದವೂ ತೂಕವಿಲ್ಲದ್ದೇನಲ್ಲ. ತಿದ್ದುಪಡಿಗೆ 88 ಮತಗಳು ಬಂದರೂ ಮೂರರಲ್ಲಿ ಎರಡು ಪಾಲಿನ ಬಹುಮತ ಕೂಡಿಬರಲಿಲ್ಲವಾಗಿ ಅದು ಬಿದ್ದುಹೋಯಿತು, ಕೆನಡಾ ತಟಸ್ಥವಾಗುಳಿಯಿತು. ಡಿಸೆಂಬರಿನ ನಿರ್ಣಯದಲ್ಲಿಯೂ ಹಮಾಸಿನ ಹೆಸರಿರಲಿಲ್ಲ. ಆಸ್ಟ್ರಿಯಾ ಮತ್ತು ಅಮೆರಿಕ ತಂದ ತಿದ್ದುಪಡಿಗಳೂ ಅದೇ ಗತಿಯನ್ನು ಕಂಡವು. ಹೀಗಿದ್ದೂ ಕೆನಡಾ ಈ ಬಾರಿ ಪರವಾಗಿ ಮತವಿತ್ತಿತು. ಅದೇ ದಿನ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳೊಡನೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಕದನವಿರಾಮವು ಏಕಪಕ್ಷೀಯವಾಗಲಾಗದು, ಹಮಾಸ್ ಒತ್ತೆಯಾಳುಗಳನ್ನು ಬಿಡಬೇಕು, ಶಸ್ತ್ರ ಕೆಳಗಿಡಬೇಕು ಎಂಬ ಮಾತುಗಳೇನೋ ಇದ್ದವು. ಆದರೆ ಹೇಳಿಕೆಯು ಹೇಳಿದವರ ಮಾತು ಮಾತ್ರ, ನಿರ್ಣಯವು ಜಗತ್ತಿನ ದಾಖಲೆ. ಯೆಹೂದ್ಯರು ಲೆಕ್ಕಕ್ಕೆ ಹಿಡಿದದ್ದು ಎರಡನೆಯದನ್ನು.

ಅವರ ಕಳವಳವು ಬರಿಯ ಕಾಗದದ ಕಳವಳವಾಗಿರಲಿಲ್ಲ. ನವೆಂಬರ್ ತಿಂಗಳಲ್ಲಿ ಮಾಂಟ್ರಿಯಲ್ ಪ್ರದೇಶದ ಒಂದು ಸಿನಗಾಗಿನ ಮೇಲೆ ಬೆಂಕಿಬಾಂಬು ಬಿದ್ದಿತ್ತು. ಎರಡು ದಿನಗಳ ಅನಂತರ ಎರಡು ಯೆಹೂದ್ಯ ಶಾಲೆಗಳಿಗೆ ಬೆಳಗ್ಗೆ ಬಂದ ಸಿಬ್ಬಂದಿ ಬಾಗಿಲುಗಳಲ್ಲಿ ಗುಂಡಿನ ತೂತುಗಳನ್ನು ಕಂಡರು. ಇದರ ಹಿಂದೆ ಇನ್ನೊಂದು ಸ್ಮೃತಿಯೂ ಉಂಟು. 1939ರಲ್ಲಿ ನಾಜಿ ಜರ್ಮನಿಯಿಂದ ಪಾರಾಗಿ ಬಂದ 907 ಯೆಹೂದ್ಯರಿದ್ದ ಸೇಂಟ್ ಲೂಯಿಸ್ ಹಡಗಿಗೆ ಕೆನಡಾ ಆಶ್ರಯ ನಿರಾಕರಿಸಿತು. ಯೂರೋಪಿಗೆ ಮರಳಿದವರಲ್ಲಿ 254 ಮಂದಿ ಮಹಾಸಂಹಾರದಲ್ಲಿ ಅಳಿದರು. ಅದಕ್ಕಾಗಿ 2018ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದ ಪ್ರಧಾನಿ ಜಸ್ಟಿನ್ ಟ್ರೂಡೊ ಅವರ ಸರ್ಕಾರವೇ ಈಗ ಈ ಮತವನ್ನು ನೀಡಿತ್ತು.

ಆದರೆ ಸಮುದಾಯವೆಂಬುದು ಒಂದೇ ಕೊರಳಿನದಲ್ಲ. ಇಂಡಿಪೆಂಡೆಂಟ್ ಜ್ಯೂಯಿಷ್ ವಾಯ್ಸಸ್‌ನಂಥ ಸಂಘಟನೆಗಳು ಕದನವಿರಾಮವನ್ನು ಮೊದಲಿನಿಂದಲೇ ಕೇಳುತ್ತಿದ್ದವು. ವಿನ್ನಿಪೆಗ್‌ನಲ್ಲಿ ಹುಟ್ಟಿ ಇಸ್ರೇಲಿಗೆ ಹೋಗಿ ನೆಲೆಸಿದ ವಿವಿಯನ್ ಸಿಲ್ವರ್ ಎಂಬ ಮಹಿಳೆ, ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿದ್ದರು. ಅಕ್ಟೋಬರ್ 4ರಂದು ಎರಡೂ ಜನಾಂಗಗಳ ಸ್ತ್ರೀಯರ ಶಾಂತಿಯಾತ್ರೆಯಲ್ಲಿ ಭಾಗವಹಿಸಿದ್ದ ಅವರನ್ನು ಮೂರೇ ದಿನಗಳ ಮೇಲೆ ಬೇರಿ ಕಿಬ್ಬುತ್ಸ್ ಎಂಬ ಸಾಮುದಾಯಿಕ ಗ್ರಾಮದಲ್ಲಿ ಹಮಾಸಿನವರು ಕೊಂದರು. ಅಪಹೃತರಾಗಿರಬಹುದೆಂದು ಮನೆಯವರು ಆಶೆ ಹಿಡಿದಿದ್ದರು. ಅವಶೇಷಗಳ ಗುರುತು ಹತ್ತಲು ತಿಂಗಳಿಗೂ ಮೇಲಾಯಿತು. ಆಮೇಲೂ ಅವರ ಮಗ ಸೇಡನ್ನು ಬಯಸದೆ ಶಾಂತಿಯನ್ನೇ ಕೋರಿದರು.

ಮುಸಲ್ಮಾನರ ಸಂಖ್ಯೆ ಯೆಹೂದ್ಯರ ಐದು ಪಟ್ಟಿಗೂ ಮಿಗಿಲಾದುದರಿಂದ ಸರ್ಕಾರವು ಮತಪೆಟ್ಟಿಗೆಯನ್ನು ಕಂಡು ವಾಲಿತೆಂಬ ಕುಹಕವನ್ನು ನಾನು ಒಪ್ಪಲಾರೆ. ಅವರಲ್ಲಿಯೂ ಬಾಂಬಿನ ಕೆಳಗೆ ಸಿಲುಕಿದ ಬಂಧುಗಳಿದ್ದವರು ಇದ್ದರು, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಅಷ್ಟರೊಳಗೆ ಸತ್ತವರು 18,000ಕ್ಕೂ ಹೆಚ್ಚು. ಮತ ನೀಡಿದ್ದು ಸರಿಯೆಂದೇ ನನ್ನ ಎಣಿಕೆ. ತಪ್ಪಿದ್ದು, ಅಕ್ಟೋಬರಿನಲ್ಲಿ ಅತ್ಯಗತ್ಯವೆಂದು ತಾನೇ ಸಾರಿದ ಷರತ್ತನ್ನು ಡಿಸೆಂಬರಿನಲ್ಲಿ ಏಕೆ ಬಿಟ್ಟೆನೆಂಬುದನ್ನು ಸರ್ಕಾರವು ಕೇಳಿದವರಿಗೆ ನೆಟ್ಟಗೆ ವಿವರಿಸದಿದ್ದುದರಲ್ಲಿ. 1979ರಲ್ಲಿ ರಾಯಭಾರ ಕಚೇರಿಯನ್ನು ಜೆರುಸಲೇಮಿಗೆ ಒಯ್ಯುವೆನೆಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಜೋ ಕ್ಲಾರ್ಕ್ ಪ್ರಧಾನಿಯಾಗಿ ಆ ಮಾತಿನಿಂದ ಹಿಂದೆಗೆದಾಗ, ಅದನ್ನು ಪರಿಶೀಲಿಸಲು ತಾವು ನೇಮಿಸಿದ್ದ ರಾಬರ್ಟ್ ಸ್ಟ್ಯಾನ್‌ಫೀಲ್ಡರ ವರದಿಯನ್ನಾದರೂ ಮುಂದಿಟ್ಟಿದ್ದರು.

ಆಳುವ ಪಕ್ಷದೊಳಗೇ ಮಾಂಟ್ರಿಯಲಿನ ಯೆಹೂದ್ಯ ಸಂಸದ ಆಂಥೊನಿ ಹೌಸ್‌ಫಾದರ್ ಈ ಮತವನ್ನು ಬಹಿರಂಗವಾಗಿ ವಿರೋಧಿಸಿದರು. 2024ರ ಮಾರ್ಚಿನಲ್ಲಿ ಕದನವಿರಾಮದ ಗೊತ್ತುವಳಿಯೊಂದು ಸಂಸತ್ತಿನಲ್ಲಿ 204–117ರಿಂದ ಗೆದ್ದ ಮೇಲೆ ಪಕ್ಷದಲ್ಲಿ ಉಳಿಯಬೇಕೆ ಎಂದು ಚಿಂತಿಸಿದರು, ಉಳಿದರು. ಜುಲೈ ತಿಂಗಳಲ್ಲಿ ಟ್ರೂಡೊ ಹೌಸ್‌ಫಾದರ್ ಅವರನ್ನು ಯೆಹೂದ್ಯ ಸಮುದಾಯದ ಸಂಬಂಧಗಳಿಗೆ ವಿಶೇಷ ಸಲಹೆಗಾರರನ್ನಾಗಿ ನೇಮಿಸಿದರು. ಮರುವರ್ಷದ ಸೆಪ್ಟೆಂಬರ್ 21ರಂದು, ಒತ್ತೆಯಾಳುಗಳೆಲ್ಲರೂ ಇನ್ನೂ ಮರಳದಿದ್ದಾಗಲೇ, ಟ್ರೂಡೊ ಅವರ ತರುವಾಯ ಪ್ರಧಾನಿಯಾದ ಮಾರ್ಕ್ ಕಾರ್ನಿಯವರ ಸರ್ಕಾರ ಪ್ಯಾಲೆಸ್ತೀನ್ ರಾಷ್ಟ್ರಕ್ಕೆ ಮನ್ನಣೆಯಿತ್ತಿತು, ಹಮಾಸಿಗೆ ಅಲ್ಲಿ ಪಾತ್ರವಿರಲಾಗದೆಂಬ ಹೇಳಿಕೆಯೊಡನೆ.