ಬಚ್ಚಿಟ್ಟ ವಿದ್ಯೆಯೂ ಬಿಚ್ಚಿಟ್ಟ ವಿದ್ಯೆಯೂ

ಗುರುಮುಖದಿಂದ ಬಾರದ ವಿದ್ಯೆ ವಿದ್ಯೆಯೇ ಅಲ್ಲವೆಂದು ಅಪ್ಪಣೆ ಕೊಡಿಸುವ ಹಿರಿಯರು ನಮ್ಮ ದೇಶದಲ್ಲಿ ಮಾತ್ರವೇ ಇದ್ದಾರೆಂದು ಯಾರೂ ತಿಳಿಯಬೇಕಾಗಿಲ್ಲ. ಇಂಗ್ಲೆಂಡ್, ಅಮೆರಿಕಗಳ ಗಾಳಗಾರರಲ್ಲಿಯೂ ಈ ಗೋತ್ರದವರುಂಟು. ಅಲ್ಲಿಯ ಹೊಳೆಗಳ ಟ್ರೌಟ್ ಮೀನು ನೀರಿನ ಮೇಲೆ ಬಂದು ಕೂರುವ ಹುಳುಗಳನ್ನು ತಿನ್ನುತ್ತದೆ. ಅದನ್ನು ಮರುಳುಗೊಳಿಸಲು ಪುಟ್ಟ ಕೊಕ್ಕೆಗೆ ಗರಿ, ತುಪ್ಪಳ, ನೂಲುಗಳನ್ನು ಸುತ್ತಿ ಹುಸಿನೊಣ ಕಟ್ಟುವುದೇ ಒಂದು ಕಲೆ; ‘ಫ್ಲೈ ಟೈಯಿಂಗ್’ ಎಂದು ಅದರ ಹೆಸರು. ದೊಡ್ಡ ಸಾಮನ್ ಮೀನಿನ ನೊಣಗಳಿಗಾಗಿ ನಮ್ಮ ಘಟ್ಟದ ಬೂದು ಕಾಡುಕೋಳಿಯ ಜಾತಿಯ ಗರಿಯೂ ಹಿಂದೆ ಕಡಲು ದಾಟಿದ್ದುಂಟು. ಈಗ ಹೊಸಬರು ಅನೇಕರು ಈ ಕಲೆಯನ್ನು ವೀಡಿಯೊ ನೋಡಿ ಕಲಿಯುತ್ತಾರೆ. ‘ಪರದೆ ನೋಡಿ ಕಲಿತದ್ದೂ ಒಂದು ಕಲಿಕೆಯೇ?’ ಎಂದು ಹಳಬರಲ್ಲಿ ಕೆಲವರು ಮೂಗು ಮುರಿಯುತ್ತಾರೆ.

ಗುರುವಿನ ಪಕ್ಕದಲ್ಲಿ ಕೂರುವ ಭಾಗ್ಯ ಎಷ್ಟು ಜನಕ್ಕಿತ್ತು ಎಂಬುದನ್ನು ಮೊದಲು ಕೇಳೋಣ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬಾಕೆಯ ಹೆಸರಿಗೆ ಸಂದಿರುವ, 1496ರಲ್ಲಿ ಅಚ್ಚಾದ ಇಂಗ್ಲಿಷ್ ಗ್ರಂಥದಲ್ಲಿ 12 ನೊಣಗಳ ಪಟ್ಟಿಯಿದೆ. ಮೈಗೆ ಯಾವ ಬಣ್ಣದ ಉಣ್ಣೆ, ರೆಕ್ಕೆಗೆ ಯಾವ ಹಕ್ಕಿಯ ಗರಿ ಎಂದು ಹೇಳಿದೆ. ಕಟ್ಟುವುದು ಹೇಗೆಂದು ಹೇಳಿಲ್ಲ. ಸಾಮಾನಿನ ಚೀಟಿ ಕೈಗಿತ್ತು ‘ಹಬ್ಬದಡುಗೆ ಮಾಡು’ ಎಂದಂತಾಯಿತು.

ಅಷ್ಟು ಹಿಂದಕ್ಕೇಕೆ ಹೋಗಬೇಕು? 1920ರ ದಶಕದಲ್ಲಿ ನ್ಯೂಯಾರ್ಕ್ ಸೀಮೆಯ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ರೂಬ್ ಕ್ರಾಸ್ ಎಂಬ ಹೆಸರಾಂತ ಕುಶಲಿಯಿದ್ದ. ವಾಲ್ಟ್ ಡೆಟ್ಟಿ ಎಂಬ ತರುಣ ಕಲಿಸಿಕೊಡೆಂದು ಕೇಳಿದರೆ ಆತ ಒಪ್ಪಲಿಲ್ಲವೆಂದು ಅಲ್ಲಿಯವರು ಹೇಳುತ್ತಾರೆ. ಡೆಟ್ಟಿ ಕ್ರಾಸನ ನೊಣಗಳನ್ನೇ ದುಡ್ಡು ಕೊಟ್ಟು ತಂದು ಸುತ್ತು ಸುತ್ತಾಗಿ ಬಿಚ್ಚಿದ. ಬಿಚ್ಚಿದ ಕ್ರಮವನ್ನು ವಿನ್ನಿ ಬರೆದುಕೊಂಡಳು. ಹಾಗೆ ಕಲಿತ ಆ ದಂಪತಿಗಳು ಮುಂದೆ ಆ ಸೀಮೆಯ ದೊಡ್ಡ ಹೆಸರಾದರು. ಕ್ರಾಸನೂ 1936ರಲ್ಲಿ ತನ್ನ ವಿದ್ಯೆಯನ್ನು ಪುಸ್ತಕವಾಗಿ ಹೊರಗಿಟ್ಟ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಏಕಲವ್ಯನ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಬಿಡಿಸಿ ಹೇಳಬೇಕಾದುದೇನೂ ಇಲ್ಲ. ಗುರುಮುಖ ಗುರುಮುಖ ಎನ್ನುವವರು ಆ ಮುಖ ಎಷ್ಟು ಸಲ ಅತ್ತ ತಿರುಗಿತ್ತೆಂಬುದನ್ನು ಮರೆಯುತ್ತಾರೆ.

ಈ ಕಲೆಯ ಮರ್ಮವಿರುವುದೂ ಹೆಬ್ಬೆರಳಿನಲ್ಲಿಯೇ. ರೆಕ್ಕೆಯ ಗರಿಯನ್ನು ಕೊಕ್ಕೆಯ ಬೆನ್ನ ಮೇಲಿಟ್ಟು ನೂಲನ್ನು ಬಿಗಿದರೆ, ನೂಲಿನ ಸೆಳೆತಕ್ಕೆ ಗರಿ ಆಚೆ ಪಕ್ಕಕ್ಕೆ ಉರುಳುತ್ತದೆ. ಬಲ್ಲವನು ಗರಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಆ ಸಂದಿಯಲ್ಲಿಯೇ ನೂಲನ್ನು ಸಡಿಲವಾಗಿ ಮೇಲೆ ಹಾಯಿಸಿ, ಬೆರಳು ಬಿಡದೆ ನೇರ ಎಳೆದು ಬಿಗಿಯುತ್ತಾನೆ, ಗರಿ ಅಲುಗುವುದಿಲ್ಲ. ಹಾಲ್ಫರ್ಡನ 1886ರ ಗ್ರಂಥದಂತಹ ಸಚಿತ್ರ ಪುಸ್ತಕಗಳ ಉಪಕಾರ ದೊಡ್ಡದು, ಒಪ್ಪೋಣ. ಆದರೆ ನಿಂತ ಚಿತ್ರ ತೋರಿಸುವುದು ಸುತ್ತಿನ ಮೊದಲನ್ನು, ಸುತ್ತಿನ ಕೊನೆಯನ್ನು. ಎರಡರ ನಡುವಿನ ಅರೆಕ್ಷಣದಲ್ಲಿ ಬೆರಳು ಏನು ಮಾಡಿತು? ಅದೇ ಕಲೆ. ಅದನ್ನು ವೀಡಿಯೊ ತೋರಿಸುತ್ತದೆ, ನಿಧಾನವಾಗಿ ತೋರಿಸುತ್ತದೆ, ಇಪ್ಪತ್ತನೆಯ ಸಲ ಕೇಳಿದರೂ ಸಿಡುಕದೆ ತೋರಿಸುತ್ತದೆ. ಇಷ್ಟು ತಾಳ್ಮೆಯ ಗುರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ?

ಪರದೆ ಶಿಷ್ಯನ ಕೈಯನ್ನು ಕಾಣದು, ತಪ್ಪನ್ನು ತಿದ್ದದು ಎಂಬ ಆಕ್ಷೇಪವೊಂದಿದೆ. ಇದು ನಿಜವಾದ ಆಕ್ಷೇಪ. ಇದರ ಹೊಣೆ ಕಲಿಯುವವನದು. ಸಂಜೆಗೆ ಹತ್ತು ವೀಡಿಯೊ ನೋಡಿ ಒಂದು ನೊಣವನ್ನೂ ಕಟ್ಟದವನು ಕಲಿತದ್ದೇನು? ಅಂಥವನು ಊಟದ ಮನೆಯ ಕಿಟಕಿಯಲ್ಲಿ ನಿಂತು ಹೊಟ್ಟೆ ಸವರಿಕೊಂಡ ಹಾಗಾಯಿತು. ಕೊಕ್ಕೆಯನ್ನು ವೈಸಿಗೆ ಸಿಕ್ಕಿಸಿಕೊಂಡು ಕುಳಿತು, ಒಂದು ಸುತ್ತು ನೋಡಿ ನಿಲ್ಲಿಸಿ, ಒಂದು ಸುತ್ತು ಸುತ್ತಬೇಕು. ಹೊಸಬನ ತಪ್ಪುಗಳಲ್ಲಿ ತೀರ ಸಾಮಾನ್ಯವಾದುದು ಕೊಕ್ಕೆಯ ಕಣ್ಣಿನವರೆಗೂ ಗರಿ ತುಂಬಿ, ತಲೆ ಕಟ್ಟಿ ಗಂಟು ಹಾಕಲು ಎಡೆಯಿಲ್ಲದಂತೆ ಮಾಡಿಕೊಳ್ಳುವುದು. ಪರದೆಯನ್ನು ನಿಲ್ಲಿಸಿ, ಅಲ್ಲಿ ಎಷ್ಟು ಜಾಗ ಬಿಟ್ಟಿದ್ದಾರೆಂದು ನೋಡಿ, ತನ್ನದರ ಪಕ್ಕಕ್ಕೆ ಹಿಡಿದರೆ ತಪ್ಪು ತಾನೇ ಮಾತನಾಡುತ್ತದೆ. ಒಂದೇ ಬಗೆಯ ನೊಣವನ್ನು ಒಂದು ಡಜನ್ ಕಟ್ಟದೆ ಎರಡನೆಯ ಬಗೆಗೆ ಕೈ ಹಾಕಬಾರದು. ತನ್ನ ಕೈಯನ್ನೇ ಫೋನಿನಲ್ಲಿ ಚಿತ್ರಿಸಿಕೊಂಡು ನೋಡುವವನಿಗೆ ಕಠಿಣ ವಿಮರ್ಶಕನೊಬ್ಬ ಮನೆಯಲ್ಲಿಯೇ ಸಿಕ್ಕಂತೆ.

ಬಲ್ಲವರು ಪಕ್ಕದಲ್ಲಿದ್ದು ಕಲಿಸಿದರೆ ಅದಕ್ಕಿಂತ ಮಿಗಿಲಾದುದು ಇಲ್ಲ. ಇದನ್ನು ಯಾರು ಅಲ್ಲವೆಂದಾರು? ಆದರೆ ಕುಶಲಿಯ ಕೈ ಶಾಶ್ವತವಲ್ಲ. ಬರೆದಿಡಲಾಗದ ಆ ಅರೆಕ್ಷಣದ ಚಳಕ ಅವನೊಂದಿಗೆ ಮಣ್ಣಾಗುತ್ತ ಬಂದಿದೆ. ಈಗ ಅದನ್ನು ಉಳಿಸುವ ಉಪಾಯ ಕೈಗೆ ಬಂದಿರುವಾಗ ಮೂಗು ಮುರಿಯುವುದು ವಿದ್ಯೆಯ ಮೇಲಿನ ಗೌರವವಲ್ಲ, ಅದರ ಮೇಲಿನ ಒಡೆತನದ ಆಸೆ. ಆ ಹಿರಿಯರಿಗೆ ಕಲೆಯ ಮೇಲೆ ಅಷ್ಟು ಪ್ರೀತಿಯಿದ್ದರೆ, ಬೆರಳು ನಡುಗುವ ಮೊದಲು ತಮ್ಮ ಕೈಯನ್ನೂ ಒಮ್ಮೆ ಕ್ಯಾಮರಾದ ಮುಂದೆ ಇಡಲಿ.