ಪ್ಲಿನಿಯ ಹತ್ತನೇ ಪುಸ್ತಕ

ಕಿರಿಯ ಪ್ಲಿನಿಯನ್ನು ಯಾರಾದ್ರೂ "ಆ ಕಾಲದ ಬ್ಲಾಗರ್" ಅಂತ ಕರೆದರೆ ನಾನೂ ಖುಷಿಯಿಂದ ತಲೆಯಾಡಿಸ್ತಿದ್ದೆ. ಈಗ ಸ್ವಲ್ಪ ತಡವರಿಸ್ತೀನಿ.

ಪರಿಚಯ ಇಲ್ಲದವರಿಗೆ: ಕ್ರಿ.ಶ. 61ರ ಆಸುಪಾಸಿನಲ್ಲಿ ಇಟಲಿಯ ಕೋಮೊದಲ್ಲಿ ಹುಟ್ಟಿದವನು. ರೋಮ್‌ನಲ್ಲಿ ವಕೀಲ, ಹೆಚ್ಚಾಗಿ ಆಸ್ತಿ, ಉಯಿಲಿನ ವ್ಯಾಜ್ಯಗಳು. ಗೆಳೆಯರಿಗೆ ಬರೆದ ಪತ್ರಗಳನ್ನು ತಾನೇ ಆರಿಸಿ, ತಿದ್ದಿ, 9 ಪುಸ್ತಕಗಳಾಗಿ ಹೊರತಂದ. ಒಟ್ಟು 247 ಪತ್ರ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಇವನಿಗೆ 17 ವರ್ಷ. ಜೊತೆಗೆ ಬಾ ಅಂತ ಸೋದರಮಾವ ಕರೆದರೆ, ಓದೋದಿದೆ ಅಂತ ಮನೆಯಲ್ಲೇ ಉಳಿದ. ಮಾವ ವಾಪಸ್ ಬರಲೇ ಇಲ್ಲ. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ನಂತರ ಇದನ್ನೆಲ್ಲ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ.

ಈ ಪತ್ರಗಳಲ್ಲಿ ಕಾಣೋ ಪ್ಲಿನಿ ತುಂಬಾ ಒಳ್ಳೆಯವನು ಕಣ್ರೀ. ಹೆಂಡತಿ ದೂರ ಇದ್ದಾಗ ನಿದ್ದೆ ಬರಲ್ಲ ಅಂತ ಬರೀತಾನೆ. ತನ್ನ ಮನೆಯ ಊಟದಲ್ಲಿ ಎಲ್ಲರಿಗೂ ಒಂದೇ ತಿಂಡಿ, ಒಂದೇ ದ್ರಾಕ್ಷಾರಸ ಅಂತಾನೆ. ಊರಿನ ಶಾಲೆಯ ಮೇಷ್ಟ್ರ ಸಂಬಳದಲ್ಲಿ ಮೂರನೇ ಒಂದು ಪಾಲು ನಾನು ಕೊಡ್ತೀನಿ, ಉಳಿದದ್ದು ಅಪ್ಪಂದಿರೇ ಹಾಕಲಿ, ಆಗ ಒಳ್ಳೆ ಮೇಷ್ಟ್ರನ್ನ ಹುಡುಕ್ತಾರೆ ಅಂತ ಲೆಕ್ಕ ಹಾಕ್ತಾನೆ.

ಹತ್ತನೇ ಪುಸ್ತಕದ ಕಥೆಯೇ ಬೇರೆ. ಅದರಲ್ಲಿರೋದು ಚಕ್ರವರ್ತಿ ಟ್ರಾಜನ್ ಜೊತೆಗಿನ ಪತ್ರವ್ಯವಹಾರ. ಅದರ ಬಹುಪಾಲು ಪ್ಲಿನಿ ಈಗಿನ ಟರ್ಕಿಯ ಉತ್ತರದಲ್ಲಿದ್ದ ಬಿಥಿನಿಯಾ-ಪೊಂಟಸ್‌ಗೆ ರಾಜ್ಯಪಾಲನಾಗಿದ್ದಾಗ ಬರೆದದ್ದು. ಪ್ರತಿಯೊಂದಕ್ಕೂ ಮೇಲಿನವರ ಅಪ್ಪಣೆ! ನಿಕೊಮೀಡಿಯಾದಲ್ಲಿ ಬೆಂಕಿ ಬಿತ್ತು, 150 ಜನರ ಅಗ್ನಿಶಾಮಕ ತಂಡ ಕಟ್ಟಲಾ ಅಂತ ಕೇಳ್ತಾನೆ. ಬೇಡ, ಸಂಘ ಕಟ್ಟಿದರೆ ರಾಜಕೀಯ ಶುರುವಾಗತ್ತೆ ಅಂತ ಉತ್ತರ.

ಆದರೆ ಕ್ರೈಸ್ತರ ವಿಚಾರದಲ್ಲಿ ಬರೆದ ಪತ್ರ ನೋಡಿ. ಕ್ರೈಸ್ತರು ಅನ್ನೋ ಹೆಸರೇ ಅಪರಾಧವೋ, ಅಥವಾ ಅವರು ಬೇರೇನಾದ್ರೂ ತಪ್ಪು ಮಾಡಿರಬೇಕೋ ಗೊತ್ತಾಗ್ತಿಲ್ಲ ಅಂತ ವಿನಯದಿಂದ ಕೇಳ್ತಾನೆ. ಅದೇ ಪತ್ರದಲ್ಲೇ ಮುಂದೆ: ಮೂರು ಸಲ ಕೇಳಿದೆ, ಒಪ್ಪಿಕೊಂಡವರನ್ನ ಮರಣದಂಡನೆಗೆ ಕಳಿಸಿದೆ. ಇಬ್ಬರು ದಾಸಿಯರನ್ನ ಹಿಂಸಿಸಿ ವಿಚಾರಿಸಿದೆ, ಮೂಢನಂಬಿಕೆ ಬಿಟ್ಟು ಇನ್ನೇನೂ ಸಿಗಲಿಲ್ಲ. ಅಂದ್ರೆ ಅಪರಾಧ ಯಾವುದು ಅನ್ನೋ ಪ್ರಶ್ನೆ ಹುಟ್ಟೋ ಹೊತ್ತಿಗೆ ಶಿಕ್ಷೆ ಮುಗಿದಿತ್ತು. ಟ್ರಾಜನ್, ನೀನು ಮಾಡಿದ್ದು ಸರಿ, ಅವರನ್ನ ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ತಗೋಬೇಡ ಅಂತ ಬರೆದ. ಫೈಲ್ ಕ್ಲೋಸ್.

"ಅವನ ಕಾಲದ ನಿಯಮ ಹಾಗಿತ್ತು" ಅಂತ ನೀವು ಹೇಳಬಹುದು. ಆದರೆ ಅನುಮಾನ ಅವನಿಗೇ ಬಂದಿತ್ತಲ್ಲ? ನನ್ನನ್ನ ಕಾಡೋದು ಅದೇ. ಕ್ರೂರಿಯಾಗಿದ್ದರೆ ಕೇಳ್ತಾನೇ ಇರಲಿಲ್ಲ. ಸಜ್ಜನ, ಅದಕ್ಕೇ ಕೇಳಿದ. ಕೆಲಸ ಮುಗಿಸಿ ಕೇಳಿದ.

ಎರಡು ವರ್ಷದ ಹಿಂದೆ ನಮ್ಮ ಟೀಮಿನಲ್ಲಿದ್ದ ಒಬ್ಬ ಕಾಂಟ್ರಾಕ್ಟ್ ಹುಡುಗನ ಆಕ್ಸೆಸ್ ತೆಗೆಸಿದವನು ನಾನೇ. ತಪ್ಪು ಅವನದ್ದು ಹೌದೋ ಅಲ್ಲವೋ ಅನ್ನೋ ಅನುಮಾನ ಇತ್ತು. ಮೊದಲು ತೆಗೆಸಿದೆ, ಆಮೇಲೆ ಮೇಲಿನವರಿಗೆ ಬಹಳ ಚಂದದ ಮೇಲ್ ಬರೆದೆ. ಅವನು ವಾಪಸ್ ಬರಲಿಲ್ಲ. ಜೀವ ಹೋದದ್ದಕ್ಕೂ ಇದಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೂ ಆ ಮೇಲ್‌ನ ಧಾಟಿ ನಂಗೆ ಪ್ಲಿನಿಯಲ್ಲಿ ಕೇಳಿಸ್ತು.

ಈ ಬ್ಲಾಗಿನಲ್ಲಿ ಆ ವಿಷಯ ಇವತ್ತಿನವರೆಗೂ ಬರೆದಿರಲಿಲ್ಲ. ಇಲ್ಲಿರೋದೆಲ್ಲ ನನ್ನ ಮೊದಲ ಒಂಬತ್ತು ಪುಸ್ತಕ :) ಒಬ್ಬರನ್ನ ಅಳೆಯೋಕೆ ಅವರ ಹತ್ತನೇದನ್ನೂ ಓದಬೇಕು ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಹತ್ತನೇದು ಎಲ್ಲಿದೆ?